ಮಳೆಗಾಲದಲ್ಲಿ ಬೆವರುತ್ತಿದ್ದ ಪ್ಲೈವುಡ್

ಮುಂಬೈ ಬಳಿಯ ಡೊಂಬಿವಿಲಿಯ ನಮ್ಮ ಪ್ಲೈವುಡ್ ಶೆಡ್ಡಿನಲ್ಲಿ, ಹಲಗೆ ಅಂಟಿಸಲು ಯೂರಿಯಾ-ಫಾರ್ಮಾಲ್ಡಿಹೈಡ್ ಅಂಟು ಬಿಟ್ಟು ಮೆಗ್ನೀಷಿಯಾ ಅಂಟು (ಮೆಗ್ನೀಷಿಯಂ ಆಕ್ಸೈಡ್ ಪುಡಿಯನ್ನು ಮೆಗ್ನೀಷಿಯಂ ಉಪ್ಪಿನ ನೀರಿನಲ್ಲಿ ಕಲಸಿದ್ದು) ಬಳಸತೊಡಗಿದೆವು. ಹಳೆಯ ಅಂಟಿನಿಂದ ಹೊರಬರುವ ಫಾರ್ಮಾಲ್ಡಿಹೈಡ್ ಅನಿಲ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿದೆ. ಅಂಟು ಬದಲಿಸಿದ ಮೇಲೆ ಕೆಲಸದ ಹುಡುಗರ ಕಣ್ಣುರಿ ನಿಂತಿತು. ನನಗೆ ಅದೇ ದೊಡ್ಡದು.

ಆದರೆ ಮಳೆ ಶುರುವಾಯಿತು ನೋಡಿ, ಹಲಗೆಗಳು ಬೆವರತೊಡಗಿದವು. ಮುಟ್ಟಿದರೆ ಜಿಗುಟು ಹನಿ, ಸ್ಕ್ರೂ ತಲೆಯ ಸುತ್ತ ಕಂದು ತುಕ್ಕು. ಕಾರಣ, ಅಂಟಿನಲ್ಲಿದ್ದ ಮೆಗ್ನೀಷಿಯಂ ಕ್ಲೋರೈಡ್ ಎಂಬ ಉಪ್ಪು. ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ, ಕಬ್ಬಿಣವನ್ನೂ ತಿನ್ನುತ್ತದೆ. ಮುಂಬೈ ಮಳೆಗಾಲದ ತೇವ ಗೊತ್ತಲ್ವಾ?

ಅದರ ಬದಲು ಮೆಗ್ನೀಷಿಯಂ ಸಲ್ಫೇಟ್, ಅಂದರೆ ಎಪ್ಸಮ್ ಉಪ್ಪು ಹಾಕಿದೆವು. ಬೆವರು ನಿಂತಿತು. ಆದರೆ ಸುಮ್ನೆ ಉಪ್ಪು ಬದಲಿಸಿದರೆ ಸಾಲದು, ಅಂಟಿನ ಬಲ ಕಮ್ಮಿಯಾಗುತ್ತದೆ. ಮೆಗ್ನೀಷಿಯಂ ಆಕ್ಸೈಡ್ ಪುಡಿಯ ತೂಕದ ಶೇ. 0.5ರಷ್ಟು ಸಿಟ್ರಿಕ್ ಆಮ್ಲ ಸೇರಿಸಿದ ಮೇಲೆ ಹಿಡಿತ ಬಂತು. ಆಮ್ಲವನ್ನು ಮೊದಲು ಉಪ್ಪಿನ ನೀರಿನಲ್ಲಿ ಕರಗಿಸಿ, ಪುಡಿ ಆಮೇಲೆ. ಆಕ್ಸೈಡ್ ಹೊಸದೇ ಬೇಕು. ಬಾಯಿ ಬಿಚ್ಚಿಟ್ಟ ಚೀಲದ ಪುಡಿ ತೇವಕ್ಕೆ ಸತ್ತುಹೋಗುತ್ತದೆ. ಬಿಸಿ ಪ್ರೆಸ್ ಬೇಡ. ತಣ್ಣಗೇ ಒತ್ತಿ, ಮರುದಿನದವರೆಗೆ ಬಿಡುತ್ತೇವೆ.

ಕಪಾಟು, ಪಾರ್ಟಿಷನ್‌ಗೆ ಧೈರ್ಯವಾಗಿ ಕೊಡುತ್ತೇನೆ. ನೀರು ಬೀಳುವ ಬಾತ್‌ರೂಮ್ ಬಾಗಿಲಿಗೆ ಮಾತ್ರ ಕೊಡಲ್ಲ.