ಲೇಸರ್ ಡಯೋಡ್‌ನಿಂದ ಟ್ಯೂನಬಲ್ ಮೈಕ್ರೋವೇವ್ ಫಿಲ್ಟರ್ ಕಟ್ಟುವ ಬಗೆ

ಈ ಫಿಲ್ಟರ್ ಮೈಕ್ರೋವೇವ್ ಸಿಗ್ನಲನ್ನು ಬೆಳಕಿನ ಮೇಲೆ ಹೇರಿ, ಬೇಕಾದ ಫ್ರೀಕ್ವೆನ್ಸಿಯನ್ನಷ್ಟೇ ಹೊರಗೆ ಬಿಡುತ್ತದೆ. ಫೇಸ್ ಮಾಡ್ಯುಲೇಟರ್‌ನಿಂದ (ಸಿಗ್ನಲಿಗೆ ತಕ್ಕಂತೆ ಬೆಳಕಿನ ಅಲೆಯ ಫೇಸ್ ಬದಲಿಸುವ ಸಾಧನ) ಹೊರಟ ಬೆಳಕನ್ನು ನೇರವಾಗಿ ಫೋಟೋಡಯೋಡ್‌ಗೆ (ಬೆಳಕನ್ನು ವಿದ್ಯುತ್ತಾಗಿಸುವ ಸಾಧನ) ಕೊಟ್ಟರೆ ಮೈಕ್ರೋವೇವ್ ಸಿಗ್ನಲ್ ಬಹುತೇಕ ಸಿಗುವುದೇ ಇಲ್ಲ. ಕ್ಯಾರಿಯರ್‌ನ, ಅಂದರೆ ಮೂಲ ಬೆಳಕಿನ, ಎರಡು ಬದಿಯಲ್ಲಿ ಮಾಡ್ಯುಲೇಶನ್‌ನಿಂದ ಏಳುವ ಸೈಡ್‌ಬ್ಯಾಂಡ್‌ಗಳು ಅದರೊಂದಿಗೆ ಬೆರೆತು ಹುಟ್ಟಿಸುವ ಬೀಟ್‌ಗಳು (ಫ್ರೀಕ್ವೆನ್ಸಿ ವ್ಯತ್ಯಾಸದ ಸಿಗ್ನಲ್‌ಗಳು) ಒಂದನ್ನೊಂದು ಅಳಿಸಿಬಿಡುತ್ತವೆ. ಆ ಸೈಡ್‌ಬ್ಯಾಂಡ್‌ಗಳಲ್ಲಿ ಒಂದನ್ನು ಮಾತ್ರ ಫ್ಯಾಬ್ರಿ-ಪೆರೋ ಲೇಸರ್‌ನ (ಎರಡು ಕನ್ನಡಿಗಳ ನಡುವೆ ಬೆಳಕು ಓಡಾಡುವ ಲೇಸರ್ ಡಯೋಡ್) ಒಂದು ಮೋಡ್, ಅಂದರೆ ಅದು ಅನುರಣಿಸುವ ಒಂದು ತರಂಗಾಂತರ, ಬೆಳೆಸಿದರೆ ಆ ಸಮತೋಲ ಮುರಿದು, ಆ ಫ್ರೀಕ್ವೆನ್ಸಿ ಮಾತ್ರ ಹೊರಬರುತ್ತದೆ. ಕ್ಯಾರಿಯರ್‌ಗೂ ಮೋಡ್‌ಗೂ ಇರುವ ಅಂತರವೇ ಪಾಸ್‌ಬ್ಯಾಂಡ್‌ನ (ಫಿಲ್ಟರ್ ಹಾಯಲು ಬಿಡುವ ಫ್ರೀಕ್ವೆನ್ಸಿ ಪಟ್ಟಿಯ) ನಡುಬಿಂದು: 1550 ನ್ಯಾನೋಮೀಟರ್ ಬಳಿ 0.08 ನ್ಯಾನೋಮೀಟರ್ ಎಂದರೆ 10 ಗಿಗಾಹರ್ಟ್ಜ್.

ಜೋಡಣೆಯ ಕ್ರಮ: ಕ್ಯಾರಿಯರ್ ಕೊಡುವ ಟ್ಯೂನಬಲ್ ಲೇಸರ್, ಪೋಲರೈಸೇಶನ್ ಕಂಟ್ರೋಲರ್ (ಬೆಳಕಿನ ಅಲೆಯ ಕಂಪನದ ದಿಕ್ಕು ಹೊಂದಿಸುವ ಸಾಧನ), ಫೇಸ್ ಮಾಡ್ಯುಲೇಟರ್, ಇನ್ನೊಂದು ಪೋಲರೈಸೇಶನ್ ಕಂಟ್ರೋಲರ್, ಸರ್ಕ್ಯುಲೇಟರ್‌ನ (ಒಂದು ಪೋರ್ಟ್‌ನಿಂದ ಮುಂದಿನದಕ್ಕೆ ಮಾತ್ರ ಬೆಳಕು ಸಾಗಿಸುವ ಸಾಧನ) 1ನೇ ಪೋರ್ಟ್. 2ನೇ ಪೋರ್ಟ್‌ಗೆ ಫ್ಯಾಬ್ರಿ-ಪೆರೋ ಲೇಸರ್, 3ನೇ ಪೋರ್ಟ್‌ಗೆ ಫೋಟೋಡಯೋಡ್. ನೆಟ್‌ವರ್ಕ್ ಅನಲೈಸರ್‌ನ (ಸಿಗ್ನಲ್ ಕಳಿಸಿ, ಮರಳಿ ಬಂದದ್ದನ್ನು ಅಳೆಯುವ ಉಪಕರಣ) 1ನೇ ಪೋರ್ಟ್ ಮಾಡ್ಯುಲೇಟರ್‌ಗೆ, 2ನೆಯದು ಫೋಟೋಡಯೋಡ್‌ಗೆ. ಒಳಗೆ ಐಸೊಲೇಟರ್ (ಬೆಳಕನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಇರುವ ಫ್ಯಾಬ್ರಿ-ಪೆರೋ ಲೇಸರನ್ನು ಕೊಳ್ಳಬೇಡಿ; ಹೊರಗಿನ ಬೆಳಕು ಅದರೊಳಗೆ ಹೋಗುವುದಿಲ್ಲ. ಕನೆಕ್ಟರ್‌ಗಳೆಲ್ಲ ಎಪಿಸಿ (ಬೆಳಕು ಹಿಂದೆ ಪ್ರತಿಫಲಿಸದಂತೆ ತುದಿಯನ್ನು ಓರೆಯಾಗಿ ಉಜ್ಜಿದ ಬಗೆ) ಇರಲಿ.

ಇಡೀ ಕೆಲಸದ ಜೀವ ಇರುವುದು ಫ್ಯಾಬ್ರಿ-ಪೆರೋ ಲೇಸರ್‌ಗೆ ಕೊಡುವ ಬಯಾಸ್ ಕರೆಂಟಿನಲ್ಲಿ. ಮೊದಲು ಕರೆಂಟ್ ಏರಿಸುತ್ತ ಪವರ್ ಅಳೆದು ಥ್ರೆಶೋಲ್ಡ್ (ಲೇಸರ್ ಬೆಳಕು ಶುರುವಾಗುವ ಕರೆಂಟ್) ಗುರುತಿಸಿ, ಅದರ 95ರಿಂದ 98 ಶೇಕಡಕ್ಕೆ ನಿಲ್ಲಿಸಿ. ಥ್ರೆಶೋಲ್ಡ್ ದಾಟಿದರೆ ಲೇಸರ್ ತಾನೇ ಬೆಳಗತೊಡಗುತ್ತದೆ. ಆ ಬೆಳಕು ಕ್ಯಾರಿಯರ್ ಜೊತೆ ಬೀಟ್ ಆಗಿ, ಸರಿಯಾಗಿ ಪಾಸ್‌ಬ್ಯಾಂಡ್‌ನ ಮೇಲೆಯೇ ಬೇಡದ ಟೋನ್ ತಂದು ಕೂರಿಸುತ್ತದೆ. ತೀರಾ ಕೆಳಗಿಳಿದರೆ ಗೇನ್ (ಬೆಳಕನ್ನು ಬೆಳೆಸುವ ಶಕ್ತಿ) ಕುಗ್ಗಿ ಪಾಸ್‌ಬ್ಯಾಂಡ್ ಅಗಲವಾಗುತ್ತದೆ. ಥ್ರೆಶೋಲ್ಡ್ ಕೂಡ ತಾಪಮಾನದೊಂದಿಗೆ ಸರಿಯುತ್ತದೆ, ಈ ಬಗೆಯ ಲೇಸರ್‌ಗಳಲ್ಲಿ ಡಿಗ್ರಿಗೆ ಸುಮಾರು 2 ಶೇಕಡ. ಮೋಡ್ ಡಿಗ್ರಿಗೆ ಸುಮಾರು 0.1 ನ್ಯಾನೋಮೀಟರ್, ಅಂದರೆ 12 ಗಿಗಾಹರ್ಟ್ಜ್‌ನಷ್ಟು ಜರುಗುತ್ತದೆ. ತಾಪಮಾನವನ್ನು 0.01 ಡಿಗ್ರಿಯೊಳಗೆ ಹಿಡಿದರೂ ನಡುಬಿಂದು ನೂರು ಮೆಗಾಹರ್ಟ್ಜ್ ಅಲುಗಬಹುದು. ಆದ್ದರಿಂದ ಟ್ಯೂನ್ ಮಾಡಲು ಈ ಲೇಸರನ್ನು ಮುಟ್ಟದಿರುವುದೇ ಮೇಲು. ಕ್ಯಾರಿಯರ್‌ನ ತರಂಗಾಂತರವನ್ನು ಸರಿಸಿ.

ಕ್ಯಾರಿಯರನ್ನು ಮೋಡ್‌ಗಿಂತ 0.08 ನ್ಯಾನೋಮೀಟರ್‌ನಷ್ಟು ಉದ್ದ ತರಂಗಾಂತರದ ಬದಿಗೆ ಇಡಿ. 2ನೇ ಪೋರ್ಟ್‌ನಲ್ಲಿ -10 ಡಿಬಿಎಂ (0.1 ಮಿಲಿವ್ಯಾಟ್) ಬೆಳಕು, ಅನಲೈಸರ್‌ನಿಂದ -10 ಡಿಬಿಎಂ ಆರ್‌ಎಫ್, ಅಂದರೆ ಮೈಕ್ರೋವೇವ್ ಸಿಗ್ನಲ್, ಸಾಕು. ಎಸ್21 (ಅನಲೈಸರ್‌ನ 1ರಿಂದ 2ನೇ ಪೋರ್ಟ್‌ಗೆ ಎಷ್ಟು ಸಿಗ್ನಲ್ ತಲುಪುತ್ತದೆ ಎಂಬ ಅಳತೆ) ನೋಡುತ್ತ ಎರಡನೇ ಪೋಲರೈಸೇಶನ್ ಕಂಟ್ರೋಲರನ್ನು ತಿರುಗಿಸಿ; ಪಾಸ್‌ಬ್ಯಾಂಡ್‌ನ ಗುಡ್ಡ ಎದ್ದು ನಿಲ್ಲುತ್ತದೆ. ಸ್ವೀಪ್‌ನ ಹೆಜ್ಜೆ 10 ಮೆಗಾಹರ್ಟ್ಜ್ ಮೀರದಿರಲಿ. 20 ಗಿಗಾಹರ್ಟ್ಜ್‌ಗೆ 201 ಬಿಂದು ಇಟ್ಟರೆ ಕಿರಿದಾದ ಗುಡ್ಡ ಎರಡು ಬಿಂದುಗಳ ನಡುವೆ ತಪ್ಪಿಹೋಗುತ್ತದೆ.

ಆರ್‌ಎಫ್ ಹೆಚ್ಚಿಸಿದಾಗ ಗುಡ್ಡ ತಗ್ಗಿದರೆ ಅದು ಗೇನ್ ಸ್ಯಾಚುರೇಶನ್, ಅಂದರೆ ಲೇಸರ್ ಅದಕ್ಕಿಂತ ಹೆಚ್ಚು ಬೆಳೆಸಲಾರದು. ಕ್ಯಾರಿಯರ್ ಪವರ್ ಏರಿಸಿದಾಗ ನಡುಬಿಂದು ಕೆಳಗೆ ಜರುಗಿದರೆ, ಕ್ಯಾರಿಯರ್ ಬೆಳಕು ಫ್ಯಾಬ್ರಿ-ಪೆರೋ ಲೇಸರ್‌ನೊಳಗಿನ ಎಲೆಕ್ಟ್ರಾನ್‌ಗಳನ್ನು ತಿಂದು ಮೋಡನ್ನು ತನ್ನತ್ತ ಸರಿಸಿಕೊಂಡಿದೆ ಎಂದರ್ಥ, ಬೆಳಕು ತಗ್ಗಿಸಿ. ತೀರಾ ಕಡಿಮೆ ಫ್ರೀಕ್ವೆನ್ಸಿಗೆ ಟ್ಯೂನ್ ಮಾಡಲಾಗದಿರುವುದಕ್ಕೂ ಇದೇ ಕಾರಣ. ನೂರು ಮೆಗಾಹರ್ಟ್ಜ್‌ಗೊಂದರಂತೆ ಅಲೆಗಳು ಕಂಡರೆ, ಸುಮಾರು ಒಂದು ಮೀಟರ್ ಅಂತರದ ಎರಡು ಕನೆಕ್ಟರ್‌ಗಳ ನಡುವೆ ಬೆಳಕು ಹಿಂದುಮುಂದಾಗುತ್ತಿದೆ. ಅವನ್ನು ಬಿಚ್ಚಿ ಒರೆಸಿ, ಮತ್ತೆ ಜೋಡಿಸಿ.