ಅಣ್ಣನ ಹಳದಿ ಬೋರ್ಡು, ನನ್ನ ಓರಲ್ ಪರೀಕ್ಷೆ

ಅಮೆರಿಕದ ಅರಿಜೋನಾದಲ್ಲಿ ವಿಮಾನ ಕಲಿಯುವಾಗ ನನಗೆ ಹಾರಾಟಕ್ಕಿಂತ ಓರಲ್ ಪರೀಕ್ಷೆಯದ್ದೇ ಜಾಸ್ತಿ ಭಯ. ಮೊದಲು ಇನ್‌ಸ್ಟ್ರುಮೆಂಟ್ ರೇಟಿಂಗ್, ಅಂದರೆ ಮೋಡದೊಳಗೂ ಉಪಕರಣ ನೋಡಿಕೊಂಡೇ ಹಾರುವ ಅರ್ಹತೆ; ಆಮೇಲೆ ಕಮರ್ಷಿಯಲ್, ಅಂದರೆ ಸಂಬಳಕ್ಕೆ ಹಾರುವ ಲೈಸೆನ್ಸ್. ನಾನೋ ಉರು ಹೊಡೆಯುವ ಗಿರಾಕಿ. 1-2-3 ನಿಯಮ ಬಾಯಿಪಾಠ: ತಲುಪುವ ಹೊತ್ತಿಗೆ 1 ಗಂಟೆ ಹಿಂದೆ ಮುಂದೆ ಮೋಡದ ತಳ 2,000 ಅಡಿಗಿಂತ ಕೆಳಗೆ ಅಥವಾ ಕಾಣುವ ದೂರ 3 ಮೈಲಿಗಿಂತ ಕಮ್ಮಿ ಅಂತ ಮುನ್ಸೂಚನೆ ಇದ್ದರೆ, ಪ್ಲಾನ್‌ನಲ್ಲಿ ಇನ್ನೊಂದು ಏರ್‌ಪೋರ್ಟ್ ಬರೆಯಬೇಕು.

ಅಭ್ಯಾಸದ ಓರಲ್‌ನಲ್ಲಿ ಗುರುಗಳು ಕೇಳಿದರು, ಮೋಡದೊಳಗೆ ರೇಡಿಯೋ ಸತ್ತರೆ ಏನು ಮಾಡ್ತೀಯ? ಯಾವ ದಾರಿ, ಎಷ್ಟು ಎತ್ತರ, ಎಲ್ಲಾ ಗಡಗಡ ಒದರಿದೆ. ಅವರು ನಕ್ಕರು. ಹೆಡ್‌ಸೆಟ್ ಪ್ಲಗ್ ಸಡಿಲ ಆಗಿದೆಯಾ ನೋಡಿದ್ಯಾ ಅಂದರು. ಅದು ನನಗೆ ಹೊಳೆದೇ ಇರಲಿಲ್ಲ.

ಉರು ಹೊಡೆದರೆ ಸಾಲದು ಅಂತ ಅಂದಿನಿಂದ ಓದಿದ್ದನ್ನೆಲ್ಲ ಟ್ಯಾಕ್ಸಿ ಓಡಿಸೋ ಅಣ್ಣನಿಗೆ ಫೋನಲ್ಲಿ ಕನ್ನಡದಲ್ಲಿ ಹೇಳಲು ಶುರು ಮಾಡಿದೆ. ನನ್ನ ಸಂಜೆ ಅವನಿಗೆ ಮಾರನೇ ದಿನದ ಬೆಳಗ್ಗೆ; ಮೈಸೂರಲ್ಲಿ ಟ್ರಿಪ್‌ಗೆ ಹೊರಡೋ ಮುಂಚೆ ಇನ್ನೋವಾ ಒರೆಸ್ತಾ ಕೇಳುತ್ತಿದ್ದ.

"ಕಮರ್ಷಿಯಲ್ ಸಿಕ್ಕಿದ್ರೆ ದುಡ್ಡು ತಗೊಂಡು ಜನರನ್ನ ಕರ್ಕೊಂಡು ಹೋಗಬಹುದಲ್ವೇನೋ?"

"ಇಲ್ಲಣ್ಣ."

ಯಾಕೆ ಇಲ್ಲ ಅಂತ ಬಿಡಿಸಿ ಹೇಳೋಕೆ ಮೂರು ದಿನ ಬೇಕಾಯಿತು. ಕೊನೆಗೆ ಅವನೇ ಅಂದ, "ನಿನ್ನ ಹತ್ರ ಬ್ಯಾಡ್ಜ್ ಇದೆ, ಗಾಡಿ ಮಾತ್ರ ವೈಟ್ ಬೋರ್ಡು. ಅಷ್ಟೇ ತಾನೆ?" ಅಷ್ಟೇ! ಮಾಲೀಕರು ತಮ್ಮ ವಿಮಾನ ಓಡಿಸೋಕೆ ನನಗೆ ಸಂಬಳ ಕೊಟ್ಟರೆ ನಾನು ಆಕ್ಟಿಂಗ್ ಡ್ರೈವರ್, ತೊಂದರೆ ಇಲ್ಲ. ವಿಮಾನಾನೂ ನಂದೇ, ಪೈಲಟ್ಟೂ ನಾನೇ, ದುಡ್ಡು ಕೊಟ್ಟು ಯಾರು ಬೇಕಾದ್ರೂ ಬನ್ನಿ ಅಂದರೆ ಅದಕ್ಕೆ ಬೇರೆಯೇ ಸರ್ಟಿಫಿಕೇಟ್ ಬೇಕು.

ವಿಮಾನದ ತಪಾಸಣೆಗಳೂ ಅವನಿಗೆ ತಕ್ಷಣ ಅರ್ಥವಾದವು, ಎಫ್‌ಸಿ ಇದ್ದ ಹಾಗೆ ಅಲ್ವಾ. ಆನ್ಯುಯಲ್ ಅನ್ನೋ ಇಡೀ ವಿಮಾನದ ತಪಾಸಣೆ 12 ತಿಂಗಳಿಗೆ, ಎತ್ತರ ತೋರಿಸೋ ಆಲ್ಟಿಮೀಟರ್ ಮತ್ತು ರೇಡಾರ್‌ಗೆ ವಿಮಾನದ ಗುರುತು ಕಳಿಸೋ ಟ್ರಾನ್ಸ್‌ಪಾಂಡರ್ 24 ತಿಂಗಳಿಗೆ, ರೇಡಿಯೋ ಸಂಕೇತದಿಂದ ದಿಕ್ಕು ತೋರಿಸೋ ವಿಓಆರ್ 30 ದಿನಕ್ಕೆ. ಇವನ್ನೆಲ್ಲ ಬರೆದಿಡೋ ಲಾಗ್‌ಬುಕ್ ಪುಟಗಳಿಗೆ ಬಣ್ಣದ ಚೀಟಿ ಅಂಟಿಸಿಟ್ಟೆ. ಪರೀಕ್ಷೆಯ ಹಿಂದಿನ ರಾತ್ರಿ ಆಲ್ಟಿಮೀಟರ್ ಪುಟ ಸಿಗದೆ ಬೆವತುಹೋದೆ. ಏರ್‌ಫ್ರೇಮ್, ಅಂದರೆ ವಿಮಾನದ ಬಾಡಿಯ ಪುಸ್ತಕದಲ್ಲಿರೋದನ್ನ ಎಂಜಿನ್ ಪುಸ್ತಕದಲ್ಲಿ ಹುಡುಕ್ತಾ ಕೂತಿದ್ದೆ!

ಕಮರ್ಷಿಯಲ್ ಓರಲ್‌ನಲ್ಲಿ ಎಕ್ಸಾಮಿನರ್ ಕೇಳಿದ್ದೂ ಅಣ್ಣ ಕೇಳಿದ್ದ ಆ ದುಡ್ಡಿನ ಪ್ರಶ್ನೆಯನ್ನೇ. "ನೀನೇ ಒಂದು ವಿಮಾನ ಬಾಡಿಗೆಗೆ ತಗೊಂಡು ನನ್ನನ್ನು ಸೆಡೋನಾ ಊರಿಗೆ ಬಿಡು, 500 ಡಾಲರ್ ಕೊಡ್ತೀನಿ" ಅಂತ ಸ್ನೇಹಿತನೊಬ್ಬ ಅಂದರೆ? ವೈಟ್ ಬೋರ್ಡು ಅಂತ ಬಾಯಿಗೆ ಬಂದಿತ್ತು, ನುಂಗಿಕೊಂಡು ಇಂಗ್ಲಿಷಲ್ಲಿ ವಿವರಿಸಿದೆ. ಇನ್ನೊಂದು ಪ್ರಶ್ನೆಗೆ ಉತ್ತರ ಗೊತ್ತಿರಲಿಲ್ಲ. ಸುಮ್ನೆ ಊಹಿಸದೆ, ನಿಯಮದ ಪುಸ್ತಕ ನೋಡಿ ಹೇಳ್ತೀನಿ ಅಂದೆ. ಅವರು ತಲೆಯಾಡಿಸಿ ಕಾಯುತ್ತಾ ಕೂತರು.

ಓರಲ್ ಪಾಸಾಯಿತು. ಅಷ್ಟರಲ್ಲಿ ಹೊರಗೆ ಗಾಳಿ ಜೋರಾಗಿತ್ತು, ಹಾರಾಟ ಇನ್ನೊಂದು ದಿನಕ್ಕೆ ಹೋಯಿತು.