ಒಳಗಿನಿಂದ ಹೊಲಿಯುತ್ತಾ ಬಂದ ನನ್ನ 1905ರ ಉಡುಪು

"ಒಳ ಉಡುಪು ಯಾರಿಗೆ ಕಾಣುತ್ತೆ? ಸುಮ್ನೆ ಬ್ಲೌಸು, ಸ್ಕರ್ಟು ಹೊಲಿದು ಮುಗಿಸು" ಅಂತ, ನಾನು 1905ರ ಕಾಲದ ಹೆಂಗಸರ ಉಡುಪು ಹೊಲಿಯಲು ಹೊರಟಾಗ, ಇಲ್ಲಿ ಇಂಗ್ಲೆಂಡಿನ ಲೆಸ್ಟರ್‌ನ ಹೊಲಿಗೆ ಗೆಳತಿಯರು ಹೇಳುತ್ತಿದ್ದರು. ಈ ಮೇನಲ್ಲಿ ಪೂರ್ತಿ ಉಡುಪು ತೊಟ್ಟು ಅವರ ಮುಂದೆ ನಿಂತೆ. ಅವರಲ್ಲೇ ಇಬ್ಬರು ಈಗ ನನ್ನ ಪ್ಯಾಟರ್ನ್ ಕೇಳಿದ್ದಾರೆ.

ಮೊದಲ ಸಲ ನಾನೂ ಅವರ ಮಾತು ಕೇಳಿದ್ದೆ. ಏಳು ಪೀಸಿನ ಉಣ್ಣೆ ಸ್ಕರ್ಟ್ ಮೊದಲು, ಕಾರ್ಸೆಟ್ (ದಾರದಿಂದ ಸೊಂಟ ಬಿಗಿಯುವ ಗಟ್ಟಿ ಒಳ ಉಡುಪು) ಆಮೇಲೆ. ಎರಡನ್ನೂ ಒಟ್ಟಿಗೆ ಹಾಕಿದರೆ ಸೊಂಟಪಟ್ಟಿ ಎರಡಿಂಚು ಸಡಿಲ. ಹಿಂದಿನ ಅಂಚು ಮೇಲೆದ್ದಿತ್ತು, ಮುಂದಿನದು ನೆಲ ಗುಡಿಸುತ್ತಿತ್ತು. ಆ ಕಾಲದ ಕಾರ್ಸೆಟ್ಟಿನ ಮುಂಭಾಗ ನೇರ ಅಲ್ವಾ, ಎದೆ ಮುಂದಕ್ಕೆ ಬಂದು ಹಿಂಭಾಗ ಹಿಂದಕ್ಕೆ ಹೋಗುತ್ತೆ. ಸುಮಾರು 60 ಪೌಂಡಿನ ಬಟ್ಟೆ ಹಾಳಾಯ್ತು.

ಕಾರ್ಸೆಟ್ ಮೂರು ಸಲ ಹೊಲಿದೆ. ಮೊದಲನೆಯದು ಗಟ್ಟಿಯಾಗಿ ನಿಲ್ಲಲಿ ಅಂತ ಒಳಗೆ ಪ್ಲಾಸ್ಟಿಕ್ ಕೇಬಲ್ ಟೈ ತೂರಿಸಿದ್ದೆ. ಒಂದೇ ಗಂಟೆಯಲ್ಲಿ ಸೊಂಟದ ಹತ್ತಿರ ಮಡಚಿಕೊಂಡವು. ಎರಡನೆಯದರಲ್ಲಿ ದಾರ ಬಿಗಿಯುವಾಗಲೇ ಐಲೆಟ್ (ದಾರ ಪೋಣಿಸುವ ತೂತಿನ ಲೋಹದ ಬಳೆ) ಕಿತ್ತು ಬಂತು, ತೂತನ್ನು ಪಂಚ್‌ನಿಂದ ಕತ್ತರಿಸಿದ್ದೇ ತಪ್ಪು. ಮೂರನೆಯದಕ್ಕೆ ಕುಟಿಲ್ (coutil) ಅನ್ನುವ ಒತ್ತಾಗಿ ನೇಯ್ದ ಗಟ್ಟಿ ಬಟ್ಟೆ, ಪಕ್ಕಗಳಲ್ಲಿ ಬಾಗುವ ಸುರುಳಿ ಸ್ಟೀಲ್ ಪಟ್ಟಿ, ಬೆನ್ನಿನ ಐಲೆಟ್ ಪಕ್ಕ ಚಪ್ಪಟೆ ಸ್ಟೀಲ್ ಪಟ್ಟಿ. ಈ ಸಲ ದಬ್ಬಳದಿಂದ ಎಳೆಗಳನ್ನು ಸರಿಸಿ ತೂತು ಅಗಲ ಮಾಡಿದೆ, ಒಂದೆಳೆಯೂ ಕಡಿಯಲಿಲ್ಲ. ಇದೊಂದಕ್ಕೇ ಹತ್ತಿರ ಹತ್ತಿರ 90 ಪೌಂಡ್ ಆಯ್ತು.

ಸೊಂಟ ಇಳಿದದ್ದು ಬರೀ ಎರಡಿಂಚು. ಸೊಂಟ ಸಣ್ಣಗೆ ಕಾಣೋದಕ್ಕೆ ಉಳಿದದ್ದೆಲ್ಲ ಹಿಂದೆ ಕಟ್ಟಿದ ಪುಟ್ಟ ದಿಂಬು ಮತ್ತು ಎದೆಯ ಮೇಲಿನ ಮೂರು ಸಾಲು ನೆರಿಗೆಯ ಕೆಲಸ. ದಿಂಬಿಗೆ ಏನು ತುಂಬಿದೆ ಅನ್ನೋದು ನನ್ನಲ್ಲೇ ಇರಲಿ.

ಶೆಮೀಸ್ (ಮೈಗೆ ತಾಗುವ ಒಳ ಅಂಗಿ), ಡ್ರಾಯರ್ಸ್ (ಒಳ ಚಡ್ಡಿ), ಕಾರ್ಸೆಟ್ ಕವರ್ (ಕಾರ್ಸೆಟ್ ಮೇಲೆ ತೊಡುವ ತೆಳು ರವಿಕೆ) ಎಲ್ಲಕ್ಕೂ ಚಿಕ್ಕಪೇಟೆಯಿಂದ ತಂದ ಮಲ್ ಬಟ್ಟೆ. ಲೇಸ್ ಕೂರಿಸುವುದರಲ್ಲೇ ಮೂರು ವಾರ ಕಳೆಯಿತು. ಬಟ್ಟೆಯ ಮೇಲೆ ಲೇಸ್ ಇಟ್ಟು ಎರಡೂ ಅಂಚು ಹೊಲಿದು, ತಿರುಗಿಸಿ, ಹಿಂದಿನ ಬಟ್ಟೆಯನ್ನು ನಟ್ಟನಡುವೆ ಸೀಳಬೇಕು. ಮೊದಲ ದಿನ ಕತ್ತರಿಯ ತುದಿ ಲೇಸಿಗೇ ಹೊಕ್ಕಿತು. ಮೊಂಡು ತುದಿಯ ಕತ್ತರಿ ತಂದ ಮೇಲೆ ಒಂದೂ ಹಾಳಾಗಲಿಲ್ಲ.

ನಡುವೆ ಇನ್ನೊಂದು ಪ್ರಯೋಗ. ಪೆಟಿಕೋಟಿನ ಫ್ರಿಲ್ ಜೋತು ಬೀಳುತ್ತಿತ್ತು. ಅಮ್ಮ ಕಾಟನ್ ಸೀರೆಗೆ ಹಾಕುವ ಹಾಗೆ ಅನ್ನದ ಗಂಜಿ ಸೋಸಿ ಹಾಕಿದೆ. ಅರ್ಧ ಒದ್ದೆ ಇರುವಾಗಲೇ ಇಸ್ತ್ರಿ ಮಾಡಿದರೆ ಫ್ರಿಲ್ ಹಪ್ಪಳದ ಹಾಗೆ ನಿಲ್ಲುತ್ತೆ. ಗಂಜಿ ದಪ್ಪ ಆದರೆ ಮಾತ್ರ ಬಿಳಿ ಪುಡಿ ಉದುರುತ್ತೆ.

ಕೊನೆಗೆ ಸ್ಕರ್ಟ್. ಒಳಗಿನದ್ದೆಲ್ಲ ತೊಟ್ಟು, ದಿಂಬು ಕಟ್ಟಿ, ಶೂ ಹಾಕಿಕೊಂಡೇ ಅಳತೆ ಕೊಟ್ಟೆ. ನಮ್ಮವರು ಮಂಡಿಯೂರಿ ಕೂತು ಸುತ್ತಲೂ ಚಾಕ್‌ನಿಂದ ಗುರುತು ಹಾಕಿದರು. ಮುಂದಿಗಿಂತ ಹಿಂದೆ ಮೂರೂವರೆ ಇಂಚು ಜಾಸ್ತಿ ಬಂತು.